ಸೊಳ್ಳೆ ಕಚ್ಚಿದರೆ ಮೆದುಳು ಜ್ವರ ಬರುವುದು ಹೇಗೆ?

ಪಕ್ಕದ ಮನೆಯ ಹುಡುಗನಿಗೆ ಸೊಳ್ಳೆಯಿಂದ ಬರುವ ಮೆದುಳು ಜ್ವರ, ಜಪಾನೀಸ್ ಎನ್ಸೆಫಲೈಟಿಸ್ (ಜೆಇ), ಎಂದು ದಾವಣಗೆರೆಯ ವೈದ್ಯರು ಹೇಳಿದ್ದಾರೆ. ಮಗಳನ್ನು ಆ ಮನೆಗೆ ಕಳುಹಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಕಳುಹಿಸಿ. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಇಂಥ ಹೊತ್ತಿನಲ್ಲಿ ಆ ತಾಯಿಯನ್ನು ದಯವಿಟ್ಟು ಯಾರೂ ದೂರ ಇಡಬೇಡಿ.

ನಾನು ಮಲೇಬೆನ್ನೂರು ಕಡೆಯ ಹಳ್ಳಿಗಳಲ್ಲಿ ಶುಶ್ರೂಷಕಿ. ಭದ್ರಾ ನಾಲೆಯ ನೀರು ನಿಂತ ಭತ್ತದ ಗದ್ದೆಗಳು ಕ್ಯೂಲೆಕ್ಸ್ ಸೊಳ್ಳೆಗೆ ಹೇಳಿ ಮಾಡಿಸಿದ ಜಾಗ. ವೈರಸ್ ಇರುವುದು ಬೆಳ್ಳಕ್ಕಿಯಂಥ ನೀರುಹಕ್ಕಿಗಳಲ್ಲಿ, ಹಂದಿಗಳಲ್ಲಿ. ಅವುಗಳ ರಕ್ತ ಹೀರಿದ ಸೊಳ್ಳೆ ಮುಸ್ಸಂಜೆಯಿಂದಾಚೆಗೆ ನಮ್ಮನ್ನೂ ಕಚ್ಚುತ್ತದೆ. ಮನುಷ್ಯರ ರಕ್ತದಲ್ಲಿ ಇನ್ನೊಂದು ಸೊಳ್ಳೆಗೆ ದಾಟುವಷ್ಟು ವೈರಸ್ ಬೆಳೆಯುವುದಿಲ್ಲ. ಹಾಗಾಗಿ ಆ ಹುಡುಗನ ರಕ್ತ ಹೀರಿದ ಸೊಳ್ಳೆಯ ಮೂಲಕವೂ ಅವನ ಕಾಯಿಲೆ ನಿಮ್ಮ ಮಗಳಿಗೆ ದಾಟುವುದಿಲ್ಲ.

ಸೋಂಕು ತಗುಲಿದ ಬಹುತೇಕರಿಗೆ ಗೊತ್ತೇ ಆಗುವುದಿಲ್ಲ. ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಕಾಯಿಲೆ ಉಲ್ಬಣಿಸುತ್ತದೆ, ಮಕ್ಕಳೇ ಹೆಚ್ಚು. ವೈರಸ್ ರಕ್ತದಿಂದ ಮೆದುಳಿಗೆ ದಾಟಿ ನರಕೋಶಗಳನ್ನು ನಾಶ ಮಾಡುತ್ತದೆ. ಅದರ ಜೊತೆ ಹೋರಾಡುವ ಉರಿಯೂತದಿಂದ ಮೆದುಳು ಊದಿಕೊಳ್ಳುತ್ತದೆ, ಆದರೆ ತಲೆಬುರುಡೆಯೊಳಗೆ ಊದಲು ಜಾಗವಿಲ್ಲ. ಎಚ್ಚರವನ್ನೂ ಚಲನೆಯನ್ನೂ ನಿಭಾಯಿಸುವ ಥಲಾಮಸ್‌ನಂಥ ಆಳದ ಭಾಗಗಳಿಗೇ ಪೆಟ್ಟು ಹೆಚ್ಚು. ಮಂಪರು, ನಡುಕ, ಕೈಕಾಲು ಸೆಟೆಯುವುದು ಅದರಿಂದಲೇ. ಈ ಹಂತ ಮುಟ್ಟಿದವರಲ್ಲಿ 100ಕ್ಕೆ 30ರವರೆಗೂ ಸಾವು ಸಂಭವಿಸಬಹುದು. ಬದುಕುಳಿದವರಲ್ಲೂ 100ಕ್ಕೆ 30ರಿಂದ 50ರಷ್ಟು ಮಂದಿಗೆ ಮಾತು, ನಡಿಗೆ ಅಥವಾ ಕಲಿಕೆಯ ತೊಂದರೆ ಉಳಿದುಬಿಡುತ್ತದೆ.

ನಾನು ಕಂಡ ಒಬ್ಬ ಹುಡುಗಿ ಜ್ವರದ ನಡುವೆ ಹೆತ್ತ ತಾಯಿಯನ್ನೇ "ಯಾರು ನೀನು?" ಎಂದು ಕೇಳಿದ್ದಳು. ಫಿಟ್ಸ್ ಬಂದಾಗ ಮನೆಯವರು ಅಂಗೈಗೆ ಬೀಗದ ಕೈ ಒತ್ತಿ, ಅಂತ್ರ ಕಟ್ಟಿಸಿ, ಬೆಳಗಾಗಲಿ ಎಂದು ಕಾದರು. ಆ ಒಂದು ರಾತ್ರಿಯನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ವೈರಸ್ಸನ್ನು ಕೊಲ್ಲುವ ಔಷಧ ಇಲ್ಲ, ನಿಜ. ಆದರೆ ಫಿಟ್ಸ್ ನಿಲ್ಲಿಸಲು, ಉಸಿರಾಟ ಕಾಪಾಡಲು, ಮೆದುಳಿನ ಒತ್ತಡ ಇಳಿಸಲು ಆಸ್ಪತ್ರೆಯಲ್ಲಿ ಸಾಧ್ಯ. ಜ್ವರದ ಜೊತೆ ಫಿಟ್ಸ್, ವಾಂತಿ, ತೊದಲು ಮಾತು, ಗುರುತು ತಪ್ಪುವುದು ಕಂಡರೆ ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ.

ಮಗಳನ್ನು ಸೊಳ್ಳೆಪರದೆಯೊಳಗೆ ಮಲಗಿಸಿ. ಇವತ್ತೇ ತಾಯಿ ಕಾರ್ಡ್ ತೆಗೆದು ಜೆಇ ಲಸಿಕೆಯ ಸಾಲು ನೋಡಿ: 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೆಯದನ್ನು ಮರೆಯುವವರೇ ಹೆಚ್ಚು. ಖಾಲಿ ಇದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ತೋರಿಸಿ.