ಮನೆ ಸಾಮಾನಿನ ಪಟ್ಟಿ: ಫೋನಿನ ನೋಟ್ಸ್ ಸಾಕಾ, ಸಾಫ್ಟ್‌ವೇರೇ ಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ಬಂದು ನಮ್ಮ ಜೊತೆಗೇ ಇದ್ದಾರೆ. ಮೈಸೂರಿನ ಮನೆ ಖಾಲಿ ಮಾಡಿದಾಗ ಬಂದ ಡಬ್ಬ, ಟ್ರಂಕು, ರಟ್ಟಿನ ಪೆಟ್ಟಿಗೆ ಎಲ್ಲ ಸೇರಿ ನಲವತ್ತರ ಹತ್ತಿರ ಇವೆ. ಅಟ್ಟದ ಮೇಲೆ, ಮಂಚದ ಕೆಳಗೆ, ಸ್ಟೋರ್ ರೂಮಿನಲ್ಲಿ ಹೇಗೋ ಹೊಂದಿಸಿಟ್ಟಿದ್ದೇವೆ. ಯಾವುದು ಎಲ್ಲಿದೆ ಅಂತ ಫೋನಿನ ನೋಟ್ಸ್ ಆ್ಯಪ್ ಗೂಗಲ್ ಕೀಪ್‌ನಲ್ಲಿ ಬರೆಯುತ್ತಾ ಹೋದೆ. ಈಗ ಅರವತ್ತು ನೋಟ್ ಆಗಿವೆ, ಸಾಮಾನು ಹುಡುಕುವ ಬದಲು ನೋಟ್ ಹುಡುಕುತ್ತಿದ್ದೇನೆ. ಎಂಜಿನಿಯರಿಂಗ್ ಓದುವ ಮಗ "ಹೋಮ್‌ಬಾಕ್ಸ್ ಅಂತ ಇದಕ್ಕೇ ಒಂದು ಸಾಫ್ಟ್‌ವೇರ್ ಇದೆ, ಹಾಕಿಕೊಡ್ತೀನಿ" ಅನ್ನುತ್ತಾನೆ. ನಮ್ಮ ಮನೆಯವರು "ಒಂದು ಪುಸ್ತಕದಲ್ಲಿ ಬರೆದಿಟ್ರೆ ಆಗಲ್ವಾ" ಅನ್ನುತ್ತಾರೆ. ಯಾರ ಮಾತು ಕೇಳಲಿ?
– ಓದುಗರು, ಬೆಂಗಳೂರು

ಉತ್ತರ: ಸದ್ಯಕ್ಕೆ ಸಾಫ್ಟ್‌ವೇರ್ ಬೇಡ. ಕೀಪ್‌ನಲ್ಲೇ ಮುಂದುವರಿಯಿರಿ, ಆದರೆ ಬರೆಯುವ ಕ್ರಮ ಬದಲಾಯಿಸಿ.

ಯಾಕೆ ಅಂತ ಹೇಳುತ್ತೇನೆ. ಪಟ್ಟಿ ಕೈಯಲ್ಲಿ ಹಿಡಿದು ನೀವು ಅದನ್ನು ಏನು ಕೇಳುತ್ತೀರಿ ಅಂತ ಮೊದಲು ಯೋಚಿಸಿ. "ಗೊಂಬೆ ಪೆಟ್ಟಿಗೆ ಎಲ್ಲಿದೆ?" "ಚಕ್ಕುಲಿ ಒರಳು ಯಾವುದರಲ್ಲಿ ಹಾಕಿದೆವು?" ಇವೆಲ್ಲ ಹುಡುಕಾಟದ ಪ್ರಶ್ನೆಗಳು. ಒಂದು ಪದ ಹೊಡೆದರೆ ಉತ್ತರ ಸಿಗಬೇಕು, ಅಷ್ಟೇ. ಇದಕ್ಕೆ ನೋಟ್ಸ್ ಆ್ಯಪ್ ಧಾರಾಳವಾಗಿ ಸಾಕು. "ಈ ವರ್ಷ ಯಾವ್ಯಾವುದರ ವಾರಂಟಿ ಮುಗಿಯುತ್ತೆ?" "ಹಾಲ್‌ನಲ್ಲಿರುವ ಸಾಮಾನಿನ ಬೆಲೆ ಒಟ್ಟು ಎಷ್ಟು?" ಇವು ಬೇರೆ ಜಾತಿಯ ಪ್ರಶ್ನೆಗಳು. ಇಲ್ಲಿ ತಾರೀಕಿನ ಪ್ರಕಾರ ಜೋಡಿಸಬೇಕು, ಮೊತ್ತ ಕೂಡಬೇಕು, ನೋಟ್ಸ್‌ಗೆ ಆ ಕೆಲಸ ಬರುವುದಿಲ್ಲ. ನಿಮ್ಮ ಪತ್ರದಲ್ಲಿರುವುದೆಲ್ಲ ಮೊದಲ ಜಾತಿಯ ಪ್ರಶ್ನೆಗಳೇ.

ಹಾಗಾದರೆ ಅರವತ್ತು ನೋಟ್ ಯಾಕೆ ಕೈಕೊಟ್ಟವು? ನೀವು ಸಾಮಾನಿಗೊಂದು ನೋಟ್ ಮಾಡಿದ್ದೀರಿ ಅಂತ ಕಾಣುತ್ತದೆ. ಪೆಟ್ಟಿಗೆಗೊಂದು ನೋಟ್ ಮಾಡಿ. ದಪ್ಪ ಮಾರ್ಕರ್ ಪೆನ್ನಿನಲ್ಲಿ ಎಲ್ಲ ಪೆಟ್ಟಿಗೆಗಳಿಗೂ ನಂಬರ್ ಹಾಕಿ, ಮುಚ್ಚಳದ ಮೇಲೆ ಮಾತ್ರ ಅಲ್ಲ, ಎರಡು ಪಕ್ಕದಲ್ಲೂ ಹಾಕಿ. ಒಂದರ ಮೇಲೊಂದು ಜೋಡಿಸಿದಾಗ ಮುಚ್ಚಳ ಕಾಣುವುದಿಲ್ಲ ಅಲ್ವಾ. ನೋಟಿನ ತಲೆಬರಹ "ಪೆಟ್ಟಿಗೆ 14, ಅಟ್ಟ, ಎಡಗಡೆ" ಅಂತ ಇರಲಿ, ಕೆಳಗೆ ಒಳಗಿರುವುದರ ಹೆಸರು. ಮುಚ್ಚುವ ಮೊದಲು ಮುಚ್ಚಳ ತೆಗೆದ ಹಾಗೇ ಒಂದು ಫೋಟೊ, ಮೇಲಿನ ಸಾಲು ಎತ್ತಿ ಕೆಳಗಿನದರದ್ದು ಇನ್ನೊಂದು ಫೋಟೊ. ನಾಳೆ ಪೆಟ್ಟಿಗೆ ಅಟ್ಟದಿಂದ ಮಂಚದ ಕೆಳಗೆ ಬಂದರೆ ತಲೆಬರಹದ ಒಂದು ಸಾಲು ತಿದ್ದಿದರೆ ಮುಗಿಯಿತು, ಒಳಗಿರುವ ಇಪ್ಪತ್ತು ಸಾಮಾನಿನ ನೋಟ್ ತಿದ್ದುತ್ತಾ ಕೂರಬೇಕಾಗಿಲ್ಲ.

ಇನ್ನೊಂದು ತೊಂದರೆ ಕನ್ನಡದಲ್ಲಿ ಬರೆಯುವವರಿಗೆಲ್ಲ ಬರುತ್ತದೆ, ಆದರೆ ಯಾರೂ ಹೇಳುವುದಿಲ್ಲ. ನೀವು "ಕುಕ್ಕರ್" ಅಂತ ಬರೆದಿಟ್ಟು ಮಗ "ಕುಕರ್" ಅಂತ ಹುಡುಕಿದರೆ ಸಿಗದೆ ಹೋಗಬಹುದು. ಅಮ್ಮ ಚೊಂಬು ಅನ್ನುವುದನ್ನು ಅವನು ತಂಬಿಗೆ ಅನ್ನಬಹುದು. ಆದ್ದರಿಂದ ಒಂದೇ ಸಾಮಾನಿಗೆ ಮನೆಯಲ್ಲಿ ಓಡಾಡುವ ಎರಡು ಮೂರು ಹೆಸರನ್ನೂ, ಬೇಕಿದ್ದರೆ ಇಂಗ್ಲಿಷ್ ಸ್ಪೆಲ್ಲಿಂಗನ್ನೂ ಒಟ್ಟಿಗೆ ಬರೆದುಬಿಡಿ. ನೋಡಲು ಚೆಂದ ಇರಲ್ಲ, ಹುಡುಕಿದಾಗ ಮಾತ್ರ ತಪ್ಪದೆ ಸಿಗುತ್ತದೆ.

ಬರೆಯುವ ಕೆಲಸಕ್ಕೆ ಅಮ್ಮನನ್ನೇ ಕೂರಿಸಿ. ನಮ್ಮ ಅತ್ತೆಯವರ ಹಿತ್ತಾಳೆ ಪೆಟ್ಟಿಗೆ ತೆಗೆದ ದಿನ ನಾನು ಫೋನಿನ ಕೀಲಿಮಣೆಯಲ್ಲಿ ಕನ್ನಡ ವಾಯ್ಸ್ ಟೈಪಿಂಗ್ ಒತ್ತಿ ಅವರ ಪಕ್ಕದಲ್ಲಿಟ್ಟೆ. ಒಂದೊಂದನ್ನೇ ಹಳೇ ಸೀರೆಯ ಸುತ್ತಿನಿಂದ ಬಿಡಿಸುತ್ತಾ ಹರಿವಾಣ, ಪಂಚಪಾತ್ರೆ, ಉದ್ಧರಣೆ, ತೂಗುದೀಪದ ಸರಪಳಿ ಅಂತ ಹೇಳುತ್ತಾ ಹೋದರು. ಕೆಲವು ಪದ ಫೋನು ತಪ್ಪಾಗಿ ಕೇಳಿಸಿಕೊಂಡಿತು, ಸಂಜೆ ತಿದ್ದಿದೆ. ಒಂದು ಸ್ಟೀಲ್ ಡಬರಿ ಬಂದಾಗ ಅವರು ಸುಮ್ಮನಾದರು. ಅದರ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿತ್ತು, ಕೆಳಗೆ 1974. ಅವರ ಮದುವೆಗೆ ಸೋದರಮಾವ ಕೊಟ್ಟಿದ್ದಂತೆ. ಪಾತ್ರೆ ಅಂಗಡಿಯಲ್ಲಿ ಗುಂಯ್ ಅನ್ನುವ ಮಷೀನಿನಲ್ಲಿ ಹೆಸರು ಹಾಕಿಸುವುದು ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವಾಗ ಕೊಟ್ಟರು, ಮೂರೂ ಪಾತ್ರೆಯ ಮೇಲೇ ಇದೆ. ಅದನ್ನು ನೋಟಿನಲ್ಲಿ ಒಂದು ಸಾಲು ಬರೆದುಕೊಂಡೆ. ಸಾಫ್ಟ್‌ವೇರಿನಲ್ಲಿ ಬೆಲೆ, ಮಾಡೆಲ್, ಸೀರಿಯಲ್ ನಂಬರ್ ಅಂತ ಖಾನೆಗಳಿರುತ್ತವೆ, ಈ ಪಾತ್ರೆಗೆ ಆ ಮೂರೂ ಖಾಲಿ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ವಿವರ ತಾನೇ ಬರುತ್ತದೆ ಅನ್ನುವ ಆ್ಯಪ್‌ಗಳೂ ಇವೆ, ಆದರೆ ಅಮ್ಮನ ಕಾಲದ ಹಿತ್ತಾಳೆಗೆ ಬಾರ್‌ಕೋಡ್ ಎಲ್ಲಿಂದ ಬರಬೇಕು?

ಈಗ ಮಗನ ಮಾತು. ಹೋಮ್‌ಬಾಕ್ಸ್ ಒಳ್ಳೆಯ ಸಾಫ್ಟ್‌ವೇರೇ. ಉಚಿತ, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಮನೆ, ರೂಮು, ಬೀರು, ಬೀರುವಿನ ಖಾನೆ ಅಂತ ಜಾಗದೊಳಗೆ ಜಾಗ ಬರೆಯಬಹುದು, ಬಿಲ್ ಸೇರಿಸಬಹುದು, ವಾರಂಟಿ ತಾರೀಕು ಹಾಕಬಹುದು, ಪೆಟ್ಟಿಗೆಗೆ ಕ್ಯೂಆರ್ ಚೀಟಿ ಅಂಟಿಸಬಹುದು. ಆದರೆ ಅದು ಪ್ಲೇ ಸ್ಟೋರ್‌ನಿಂದ ಇಳಿಸಿ ಶುರು ಮಾಡುವಂಥದ್ದಲ್ಲ. ಸಾಮಾನ್ಯವಾಗಿ ಮನೆಯಲ್ಲಿ ಸದಾ ಆನ್ ಇರುವ ಒಂದು ಕಂಪ್ಯೂಟರ್‌ನಲ್ಲಿ ಡಾಕರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಮೂಲಕ ಓಡಿಸಬೇಕು, ಅಪ್‌ಡೇಟ್ ನೋಡಿಕೊಳ್ಳಬೇಕು, ಬ್ಯಾಕಪ್ ತೆಗೆಯಬೇಕು. ಇವತ್ತು ಮಗ ಮಾಡಿಕೊಡುತ್ತಾನೆ, ಸರಿ. ಓದು ಮುಗಿಸಿ ಪುಣೆಗೋ ಹೈದರಾಬಾದಿಗೋ ಕೆಲಸಕ್ಕೆ ಹೋದಾಗ? ಅವನ ಹಳೇ ಲ್ಯಾಪ್‌ಟಾಪ್ ಒಂದು ದಿನ ಆನ್ ಆಗದಿದ್ದರೆ ನಿಮ್ಮ ನಲವತ್ತು ಪೆಟ್ಟಿಗೆಗಳ ಪಟ್ಟಿ ಅದರೊಳಗೇ ಕೂತಿರುತ್ತದೆ. ಈ ಹೋಮ್‌ಬಾಕ್ಸನ್ನೇ ಶುರು ಮಾಡಿದವರು 2024ರಲ್ಲಿ ಅದರ ಕೆಲಸ ನಿಲ್ಲಿಸಿದರು, ಈಗ ಬೇರೆ ತಂಡ ಮುಂದುವರಿಸುತ್ತಿದೆ. ಯಾರ ತಪ್ಪೂ ಅಲ್ಲ, ಬಿಡುವಿನ ವೇಳೆಯಲ್ಲಿ ಮಾಡುವ ಕೆಲಸ ಹಾಗೇ ಇರುತ್ತದೆ.

ದುಡ್ಡು ಕೊಡುವ ಆ್ಯಪ್‌ಗಳಲ್ಲೂ ಇದೇ ಭಯ ಇದ್ದದ್ದೇ. ಸಾರ್ಟ್‌ಲಿಯಂಥವು ಬಳಸಲು ಸುಲಭ, ಆದರೆ ಅವು ಮುಖ್ಯವಾಗಿ ಅಂಗಡಿ, ಗೋದಾಮಿನವರಿಗೆ ಮಾಡಿದವು, ಉಚಿತ ಯೋಜನೆಯಲ್ಲಿ ಇಷ್ಟೇ ಸಾಮಾನು ಅಂತ ಮಿತಿ ಇರುತ್ತದೆ. ನೋಟ್ಸ್ ಆ್ಯಪ್ ಅಂದರೆ ಶಾಶ್ವತ ಅಂತಲೂ ಅಂದುಕೊಳ್ಳಬೇಡಿ. ಎವರ್‌ನೋಟ್ 2023ರ ಡಿಸೆಂಬರ್‌ನಲ್ಲಿ ಉಚಿತ ಬಳಕೆಯನ್ನು 50 ನೋಟಿಗೆ ಇಳಿಸಿತು. ಆದ್ದರಿಂದ ಯಾವುದರಲ್ಲಿ ಬರೆದರೂ, ಬರೆದದ್ದನ್ನು ಹೊರಗೆ ತೆಗೆಯುವ ದಾರಿ ಇದೆಯಾ ಅಂತ ಮೊದಲ ದಿನವೇ ನೋಡಿ. ಕೀಪ್‌ನಲ್ಲಿ ಬರೆದದ್ದನ್ನು ಗೂಗಲ್ ಟೇಕ್‌ಔಟ್ ಅನ್ನುವ ಗೂಗಲ್‌ನದೇ ಸೌಲಭ್ಯದಲ್ಲಿ ಇಳಿಸಿಕೊಳ್ಳಬಹುದು. ಹೋಮ್‌ಬಾಕ್ಸ್ ಸಿಎಸ್‌ವಿ ಫೈಲ್ ಕೊಡುತ್ತದೆ, ಅದು ಎಕ್ಸೆಲ್‌ನಲ್ಲಿ ತೆರೆಯುತ್ತದೆ.

ನಾನು ಸಾಫ್ಟ್‌ವೇರ್ ಹಾಕಿಕೊಳ್ಳಿ ಅಂತ ಹೇಳುವುದು ಯಾರಿಗೆ ಅಂದರೆ, ಚಿಕ್ಕಮಗಳೂರು, ಕೊಡಗಿನ ಕಡೆ ಏಳೆಂಟು ಕೋಣೆಯ ಹೋಮ್‌ಸ್ಟೇ ನಡೆಸುವವರಿಗೆ. ಯಾವ ಕೋಣೆಯಲ್ಲಿ ಎಷ್ಟು ಕಂಬಳಿ, ಯಾವ ಗೀಸರ್ ಯಾವಾಗ ರಿಪೇರಿ ಆಯಿತು ಅಂತ ಮೂರು ಜನ ನೋಡಬೇಕು, ಮೂರು ಜನ ತಿದ್ದಬೇಕು. ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವವರಿಗೆ ಕೂಡ. ಅಲ್ಲಿ ನೋಟ್ಸ್ ಎರಡೇ ತಿಂಗಳಲ್ಲಿ ಸೋಲುತ್ತದೆ.

ನಿಮ್ಮ ಮನೆಯವರ ಪುಸ್ತಕದ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ. ಪೆಟ್ಟಿಗೆ ನಂಬರ್, ಜಾಗ, ಮುಖ್ಯ ಸಾಮಾನು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ. ಅಮ್ಮನಿಗೆ ಫೋನ್ ಬೇಕಾಗುವುದಿಲ್ಲ. ಮತ್ತೆ, ಕೀಪ್ ನೋಟುಗಳನ್ನು ಮಗನ ಜೊತೆ, ಮನೆಯವರ ಜೊತೆ ಹಂಚಿಕೊಳ್ಳಿ. ನಿಮ್ಮೊಬ್ಬರ ಫೋನಿನಲ್ಲೇ ಇದ್ದರೆ ದಿನಕ್ಕೆ ಹತ್ತು ಸಲ ನಿಮ್ಮನ್ನೇ ಕೇಳುತ್ತಾರೆ.

ಪ್ರಶ್ನೆ: ಫ್ರಿಜ್, ಇನ್ವರ್ಟರ್, ಎ.ಸಿ. ಬಿಲ್‌ಗಳನ್ನು ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಮೊನ್ನೆ ನೋಡಿದರೆ ಎರಡು ಬಿಲ್ ಪೂರ್ತಿ ಬಿಳಿ. ಇವಕ್ಕಾದರೂ ಆ್ಯಪ್ ಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ಹೊಟ್ಟೆಉರಿ ನನಗೆ ಗೊತ್ತು. ನಮ್ಮ ಇನ್ವರ್ಟರ್ ಬ್ಯಾಟರಿ ವಾರಂಟಿ ಇರುವಾಗಲೇ ಕೈಕೊಟ್ಟಿತ್ತು, ಬಿಲ್ ತೆಗೆದರೆ ಅಂಗಡಿಯ ಹೆಸರಿನ ಅರ್ಧ ಮಾತ್ರ ಉಳಿದಿತ್ತು. ಸರ್ವಿಸ್ ಸೆಂಟರ್‌ನವರು ತಾರೀಕು ಕಾಣದ ಬಿಲ್ ನಡೆಯಲ್ಲ ಅಂದರು. ಹೊಸದಕ್ಕೆ ಪೂರ್ತಿ ದುಡ್ಡು ಕೊಟ್ಟೆವು.

ಆ ಬಿಲ್‌ಗಳು ಥರ್ಮಲ್ ಕಾಗದದವು. ಅದರಲ್ಲಿ ಶಾಯಿಯೇ ಇರುವುದಿಲ್ಲ, ಕಾಗದದ ಮೇಲಿನ ರಾಸಾಯನಿಕ ಲೇಪ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ. ಬಿಸಿಲು, ಸೆಕೆ, ಎಣ್ಣೆ ಕೈ, ಕೆಲವು ಪ್ಲಾಸ್ಟಿಕ್ ಕವರು, ಎಲ್ಲವೂ ಅದಕ್ಕೆ ಶತ್ರುವೇ. ಭದ್ರವಾಗಿರಲಿ ಅಂತ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ, ಆ ಮಷೀನಿನ ಬಿಸಿಗೆ ಇಡೀ ಬಿಲ್ ಕಪ್ಪಾಗುತ್ತದೆ. ಅಂಗಡಿಯಿಂದ ಬಂದ ದಿನವೇ ಫೋಟೊ ತೆಗೆಯಿರಿ, ಒಂದು ಝೆರಾಕ್ಸ್ ಮಾಡಿಸಿ. ಬಿಳಿಯಾದ ಎರಡರ ನಕಲಿಗೆ ಅಂಗಡಿಯವರನ್ನೇ ಕೇಳಿ ನೋಡಿ, ಕಂಪ್ಯೂಟರ್ ಬಿಲ್ ಆಗಿದ್ದರೆ ನಿಮ್ಮ ಫೋನ್ ನಂಬರ್ ಹಾಕಿ ಮತ್ತೆ ತೆಗೆದುಕೊಡುವ ಸಾಧ್ಯತೆ ಇರುತ್ತದೆ.

ಆ್ಯಪ್ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ಎರಡನೇ ಜಾತಿಯ ಪ್ರಶ್ನೆ ನಿಮ್ಮದು, ತಾರೀಕಿನ ಪ್ರಶ್ನೆ. ಆದರೂ ಸಾಫ್ಟ್‌ವೇರ್ ಬೇಡ, ಗೂಗಲ್ ಶೀಟ್ಸ್‌ನಲ್ಲಿ ಒಂದು ಹಾಳೆ ಮಾಡಿ. ವಸ್ತು, ಸೀರಿಯಲ್ ನಂಬರ್, ಕೊಂಡ ತಾರೀಕು, ವಾರಂಟಿ ಮುಗಿಯುವ ತಾರೀಕು, ಬಿಲ್ ಫೋಟೊದ ಕೊಂಡಿ, ಇಷ್ಟು ಕಾಲಂ ಸಾಕು. ಒಂದು ಮನೆಯಲ್ಲಿ ಇಂಥ ವಸ್ತು ಇಪ್ಪತ್ತೈದು ದಾಟುವುದು ಕಡಿಮೆ. ಎ.ಸಿ., ಫ್ರಿಜ್‌ಗೆ ಎರಡು ಸಾಲು ಬರೆಯಿರಿ, ಯಾಕೆಂದರೆ ಇಡೀ ಯಂತ್ರದ ವಾರಂಟಿ ಬೇರೆ, ಕಂಪ್ರೆಸರ್‌ದು ಬೇರೆ, ಎಷ್ಟೋ ಸಲ ಎರಡನೆಯದು 10 ವರ್ಷ ಇರುತ್ತದೆ. ಅದು ನೆನಪಿಲ್ಲದೆ ದುಡ್ಡು ಕೊಟ್ಟವರು ಬಹಳ ಜನ. ಗ್ಯಾಸ್ ಒಲೆಯ ಸುರಕ್ಷಾ ಪೈಪನ್ನೂ ಅದೇ ಹಾಳೆಗೆ ಸೇರಿಸಿ, ಅದರ ಆಯಸ್ಸು 5 ವರ್ಷ, ತಾರೀಕು ಪೈಪಿನ ಮೇಲೇ ಅಚ್ಚಾಗಿರುತ್ತದೆ.

ಮನೆಯವರೆಲ್ಲರ ಫೋನಿನ ಐಎಂಇಐ, ಅಂದರೆ ಆ ಫೋನಿನದೇ ಗುರುತಿನ ನಂಬರ್, ಕೂಡ ಬರೆಯಿರಿ. ಫೋನಿನಲ್ಲಿ *#06# ಒತ್ತಿದರೆ 15 ಅಂಕಿಯ ಆ ನಂಬರ್ ಬರುತ್ತದೆ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅದನ್ನು ಬ್ಲಾಕ್ ಮಾಡಿಸಲು ಇದೇ ಬೇಕು. ಹಾಳೆ ಆ ಕಳೆದ ಫೋನಿನಲ್ಲಿ ಮಾತ್ರ ಇರಬಾರದು, ಮನೆಯ ಇನ್ನೊಬ್ಬರಿಗೂ ತೆರೆಯುವಂತಿರಲಿ.

ಪ್ರಶ್ನೆ: ಮನೆಗೆ ವಿಮೆ ಮಾಡಿಸುತ್ತಿದ್ದೇನೆ. ಒಳಗಿನ ಸಾಮಾನಿನ ಪಟ್ಟಿಯನ್ನು ಯಾವುದಾದರೂ ಸಾಫ್ಟ್‌ವೇರ್‌ನಲ್ಲೇ ಮಾಡಬೇಕೇ?
– ನಿವೃತ್ತರು, ಶಿವಮೊಗ್ಗ

ಉತ್ತರ: ಇಲ್ಲ ಸರ್. ನಷ್ಟ ಆದಾಗ ಕೆಲಸಕ್ಕೆ ಬರುವುದು ಬಿಲ್ಲು ಮತ್ತು ಫೋಟೊ, ಅವು ಯಾವ ಆ್ಯಪ್‌ನಲ್ಲಿದ್ದವು ಅನ್ನುವುದಲ್ಲ. 2021ರ ಏಪ್ರಿಲ್‌ 1ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಅದರ ಶೇಕಡ 20ರಷ್ಟು ಮೊತ್ತ, ಹೆಚ್ಚೆಂದರೆ 10 ಲಕ್ಷ ರೂಪಾಯಿ, ಒಳಗಿನ ಸಾಮಾನ್ಯ ಸಾಮಾನಿಗೆ ಪಟ್ಟಿ ಕೊಡದೆಯೇ ಸಿಗುತ್ತದೆ. ಕಟ್ಟಡ 30 ಲಕ್ಷಕ್ಕೆ ಮಾಡಿಸಿದರೆ ಸಾಮಾನಿಗೆ 6 ಲಕ್ಷ. ಅದಕ್ಕಿಂತ ಜಾಸ್ತಿ ಬೇಕಾದರೆ ವಿವರ ಕೊಡಬೇಕು. ಒಡವೆ, ಕಲಾಕೃತಿ ಇದರಲ್ಲಿ ಬರುವುದಿಲ್ಲ, ಬೇರೆಯಾಗಿ ಸೇರಿಸಬೇಕು. ಇನ್ನೊಂದು, ಮೂಲ ಪಾಲಿಸಿಯಲ್ಲಿ ಕಳ್ಳತನ ಅಂದರೆ ಬೆಂಕಿ, ನೆರೆಯಂಥ ಅವಘಡದ ಕಾರಣದಿಂದ 7 ದಿನದೊಳಗೆ ಆದದ್ದು ಮಾತ್ರ. ಬೀಗ ಒಡೆದು ಮಾಡುವ ಮಾಮೂಲಿ ಕಳ್ಳತನಕ್ಕೆ ಬೇರೆ ವಿಮೆ ಬೇಕು, ಸಹಿ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ನೀವು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಫೋನಿನ ವಿಡಿಯೊ ಆನ್ ಮಾಡಿ, ಒಂದೊಂದು ಕೋಣೆಯಲ್ಲೂ ನಿಧಾನವಾಗಿ ನಡೆಯಿರಿ, ಬೀರು ತೆರೆದು ತೋರಿಸಿ, ಟಿವಿ ಹಿಂದಿನ, ಫ್ರಿಜ್ ಒಳಗೋಡೆಯ ಸೀರಿಯಲ್ ನಂಬರ್ ಚೀಟಿಯ ಹತ್ತಿರ ಫೋನ್ ಹಿಡಿದು ಎರಡು ಸೆಕೆಂಡು ನಿಲ್ಲಿಸಿ. ಆ ವಿಡಿಯೊವನ್ನು ಗೂಗಲ್ ಡ್ರೈವ್‌ಗೆ ಹಾಕಿ, ಮಕ್ಕಳಿಗೂ ಕಳಿಸಿ.

ಪ್ರಶ್ನೆ: ಒಡವೆ ಪಟ್ಟಿಯನ್ನು ಫೋನಿನಲ್ಲಿ ಬರೆದಿಡುವುದು ಸುರಕ್ಷಿತವೇ?
– ಓದುಗರು, ದಾವಣಗೆರೆ

ಉತ್ತರ: ಏನೇನು ಇದೆ ಅಂತ ಬರೆಯಿರಿ, ಎಲ್ಲಿದೆ ಅಂತ ಬರೆಯಬೇಡಿ. ಲಾಕರ್ ಕೀ ಇಡುವ ಜಾಗವನ್ನಂತೂ ಯಾವ ಆ್ಯಪ್‌ನಲ್ಲೂ ಹಾಕಬೇಡಿ. ಬೀಗ ತೆಗೆದ ಫೋನು ಯಾರ ಕೈಗೆ ಸಿಕ್ಕಿದರೂ ಕೀಪ್ ತೆರೆದುಕೊಳ್ಳುತ್ತದೆ. ಐಫೋನ್ ಇದ್ದರೆ ಅದರ ನೋಟ್ಸ್‌ನಲ್ಲಿ ಬೇಕಾದ ನೋಟಿಗೆ ಮಾತ್ರ ಲಾಕ್ ಹಾಕುವ ಸೌಲಭ್ಯ ಇದೆ, ಅದನ್ನು ಬಳಸಿ.

ತೂಕ, ಫೋಟೊ, ಬಿಲ್ ಜೊತೆಗೆ ಎಚ್‌ಯುಐಡಿ ಬರೆದುಕೊಳ್ಳಿ. ಹಾಲ್‌ಮಾರ್ಕ್ ಪಕ್ಕದಲ್ಲಿ ಕೆತ್ತಿರುವ, ಅಕ್ಷರ ಅಂಕಿ ಸೇರಿದ 6 ಚಿಹ್ನೆಗಳ ಸಂಖ್ಯೆ ಅದು, 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಾಟಕ್ಕೆ ಕಡ್ಡಾಯ. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಚಿನ್ನದ ಶುದ್ಧತೆ ಎಷ್ಟು, ಹಾಲ್‌ಮಾರ್ಕ್ ಮಾಡಿಸಿದವರು ಯಾರು ಅಂತ ತೋರಿಸುತ್ತದೆ. ಬರಿಗಣ್ಣಿಗೆ ಓದಲು ಆಗುವುದಿಲ್ಲ, ಭೂತಗನ್ನಡಿ ಇಟ್ಟು ಫೋನಿನ ಕ್ಯಾಮೆರಾ ಜೂಮ್ ಮಾಡಿ. ಅಜ್ಜಿಯ ಕಾಲದ ಒಡವೆಗೆ ಈ ಸಂಖ್ಯೆ ಇರುವುದಿಲ್ಲ, ಅವನ್ನು ಒಂದು ಸ್ಕೇಲಿನ ಪಕ್ಕದಲ್ಲಿಟ್ಟು ಎರಡೂ ಬದಿಯ ಫೋಟೊ ತೆಗೆಯಿರಿ, ಅಜ್ಜಿ ಯಾರಿಗೆ ಕೊಟ್ಟದ್ದು ಅನ್ನುವುದನ್ನೂ ಅಲ್ಲೇ ಬರೆಯಿರಿ.