ಡಿಸೆಂಟ್ ಟೈಮಲ್ಲಿ, ಅಂದ್ರೆ ವಿಮಾನ ಕೆಳಗಿಳಿಸುವಾಗ, ಗಮನ ಬೇರೆ ಕಡೆ ಹೋಗಿ ಆಲ್ಟಿಟ್ಯೂಡ್ (ಎತ್ತರ) ಮಿಸ್ ಆಗ್ತಿದೆ, ಮಲ್ಟಿಟಾಸ್ಕಿಂಗ್ ಇಂಪ್ರೂವ್ ಮಾಡ್ಕೊಳ್ಳೋದು ಹೇಗೆ?

ಇದನ್ನ ಓದಿದ ತಕ್ಷಣ ನಂಗೆ ನೆನಪಾಗಿದ್ದು ವೀಲ್‌ಚೇರ್.

ಆಗ ನಾನೂ ನಿಮ್ಮ ಹಾಗೇ ಹೊಸ ಕೋಪೈಲಟ್. ಆವತ್ತು ವಿಮಾನ ಹಾರಿಸ್ತಿದ್ದಿದ್ದು ಕ್ಯಾಪ್ಟನ್, ನಂದು ಮಾನಿಟರಿಂಗ್, ಅಂದ್ರೆ ಎಟಿಸಿ (ಏರ್ ಟ್ರಾಫಿಕ್ ಕಂಟ್ರೋಲ್) ಜೊತೆ ಮಾತಾಡೋ ರೇಡಿಯೋನೂ ನಂದು, ಅವರು ಮಾಡೋದರ ಮೇಲೆ ಒಂದು ಕಣ್ಣಿಡೋದೂ ನಂದು. ಇಳಿಯೋಕೆ ಶುರು ಮಾಡಿ 15,000 ಅಡಿ ಹತ್ರ ಇದ್ವಿ, ಕ್ಯಾಬಿನ್‌ನಿಂದ ಇಂಟರ್‌ಕಾಮ್ ಬಂತು, ವೀಲ್‌ಚೇರ್ ಎರಡಲ್ಲ ಮೂರು ಬೇಕು, ಕೆಳಗಡೆ ಹೇಳಿಬಿಡಿ ಅಂತ. ಸರಿ, ಎಟಿಸಿ ನೀವು ಕೇಳ್ಕೊಳ್ಳಿ ಸರ್ ಅಂತ ಕ್ಯಾಪ್ಟನ್‌ಗೆ ಹೇಳಿ ನಾನು ಎರಡನೇ ರೇಡಿಯೋಗೆ ಹೋದೆ. ಅಲ್ಲಿ ಇನ್ಯಾರೋ ಮಾತಾಡ್ತಿದ್ರು, ಕಾದೆ, ಹೇಳ್ದೆ, ಅವರಿಗೆ ಕೇಳಿಸ್ಲಿಲ್ಲ, ಮತ್ತೆ ಹೇಳ್ದೆ. ಹೆಚ್ಚೂಕಮ್ಮಿ ಒಂದು ನಿಮಿಷ. ನಿಮಿಷಕ್ಕೆ 2,000 ಅಡಿ ಇಳೀತಿರೋ ವಿಮಾನದಲ್ಲಿ ಒಂದು ನಿಮಿಷ ಅಂದ್ರೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಎಟಿಸಿ ಒಂದೇ ಉಸಿರಲ್ಲಿ ಎರಡು ನಂಬರ್ ಕೊಟ್ಟಿದ್ರು: ಹೆಡಿಂಗ್ (ಹೋಗಬೇಕಾದ ದಿಕ್ಕು) 100, ಫ್ಲೈಟ್ ಲೆವೆಲ್ 110ಕ್ಕೆ, ಅಂದ್ರೆ 11,000 ಅಡಿಗೆ, ಇಳೀರಿ. ಕ್ಯಾಪ್ಟನ್ ಎರಡನ್ನೂ ಸರಿಯಾಗೇ ರೀಡ್‌ಬ್ಯಾಕ್ ಮಾಡಿದ್ರು, ಅಂದ್ರೆ ಕೇಳಿದ್ದನ್ನ ಎಟಿಸಿಗೆ ತಿರುಗಿ ಹೇಳಿದ್ರು, ಆಮೇಲೆ ಟೇಪಲ್ಲಿ ಗೊತ್ತಾಯ್ತು. ಆಟೋಪೈಲಟ್‌ಗೆ ನಂಬರ್ ಕೊಡೋ ಹೆಡಿಂಗ್ ವಿಂಡೋದಲ್ಲಿ 100 ಹಾಕಿದ್ರು, ಅದೇ ಗುಂಗಲ್ಲಿ ಆಲ್ಟಿಟ್ಯೂಡ್ ವಿಂಡೋದಲ್ಲೂ 10,000 ಹಾಕಿಬಿಟ್ರು. ಬಾಯಿ ಸರಿ ಹೇಳಿತ್ತು, ಕೈ ತಪ್ಪಿತ್ತು. ರೀಡ್‌ಬ್ಯಾಕ್ ಸರಿ ಇದ್ದಿದ್ದರಿಂದ ಕಂಟ್ರೋಲರ್‌ಗೂ ಅನುಮಾನ ಬರೋಕೆ ದಾರಿ ಇರ್ಲಿಲ್ಲ.

ನಾನು ವಾಪಸ್ ಬಂದು ಏನು ಕೊಟ್ರು ಸರ್ ಅಂದೆ. ಅವರು ವಿಂಡೋ ಕಡೆ ನೋಡ್ಕೊಂಡೇ "ಹೆಡಿಂಗ್ ಒನ್ ಝೀರೋ ಝೀರೋ, ಲೆವೆಲ್ ಒನ್ ಝೀರೋ ಝೀರೋ" ಅಂದ್ರು. ನಾನು ನೋಡ್ದೆ, ಎರಡೂ ಹಾಗೇ ಇತ್ತು, "ಚೆಕ್ಡ್" ಅಂದೆ.

ನನ್ನ ತಪ್ಪು ಇದು. ವೀಲ್‌ಚೇರ್ ಅಲ್ಲ, ಎರಡನೇ ರೇಡಿಯೋ ಅಲ್ಲ, ಈ "ಚೆಕ್ಡ್". ನಾನು ಏನನ್ನ ಏನರ ಜೊತೆ ಚೆಕ್ ಮಾಡ್ದೆ ಹೇಳಿ? ಕ್ಯಾಪ್ಟನ್ ಕೈ ಹಾಕಿದ್ದ ನಂಬರನ್ನ ಕ್ಯಾಪ್ಟನ್ ಬಾಯಿ ಹೇಳಿದ ನಂಬರ್ ಜೊತೆ. ಅವರೂ ಆ ನಂಬರನ್ನ ವಿಂಡೋ ನೋಡೇ ಓದಿದ್ದು! ಪರೀಕ್ಷೆ ಬರೆದ ಹುಡುಗನ ಕೈಲೇ ಉತ್ತರ ಓದಿಸಿ, ಪೇಪರಲ್ಲಿ ಇರೋದನ್ನೇ ಓದಿದ ಅಂತ ನೂರಕ್ಕೆ ನೂರು ಕೊಟ್ಟ ಹಾಗಾಯ್ತು. ತಾಳೆ ನೋಡಬೇಕಾಗಿದ್ದು ಎಟಿಸಿ ಹೇಳಿದ ಮಾತಿನ ಜೊತೆ, ಅದನ್ನ ನಾನು ಕೇಳಿಸ್ಕೊಂಡೇ ಇರ್ಲಿಲ್ಲ. ಕೇಳಿಸ್ಕೊಳ್ಳದೇ ಇರೋದಕ್ಕೆ ಚೆಕ್ಡ್ ಅನ್ನೋ ಹಕ್ಕೇ ನನಗಿರ್ಲಿಲ್ಲ. "ಕನ್‌ಫರ್ಮ್ ಲೆವೆಲ್" ಅಂತ ಎಟಿಸಿನ ಒಂದು ಮಾತು ಕೇಳಿದ್ರೆ ನಾಲ್ಕು ಸೆಕೆಂಡ್ ಆಗ್ತಿತ್ತು. ಯಾಕೆ ಕೇಳ್ಲಿಲ್ಲ ಅಂದ್ರೆ, ಫ್ರೀಕ್ವೆನ್ಸಿ ಬಿಝಿ ಇತ್ತು ಅಂತ ಆಗ ಹೇಳ್ಕೊಂಡೆ, ಅದು ಸುಳ್ಳು. ಸೀನಿಯರ್ ಪಕ್ಕದಲ್ಲಿ ಕೂತಿರುವಾಗ ಅವರು ಹೇಳಿದ್ದನ್ನ ನಂಬದೇ ಎಟಿಸಿನ ಕೇಳೋದು ಹೇಗೆ ಅನ್ನೋ ಮುಜುಗರ.

11,000 ದಾಟುವಾಗ ನಾನು ಗಟ್ಟಿಯಾಗಿ "ಒನ್ ಥೌಸಂಡ್ ಟು ಗೋ" ಅಂತ ಕಾಲ್ ಬೇರೆ ಕೊಟ್ಟೆ. ನಿಲ್ಲಬೇಕಾಗಿದ್ದ ಜಾಗದಲ್ಲೇ ಇನ್ನೂ ಸಾವಿರ ಇದೆ ಅಂತ ಕೂಗಿದ ಪುಣ್ಯಾತ್ಮ ನಾನು. 10,600ರ ಹತ್ರ ಕಂಟ್ರೋಲರ್ ಧ್ವನಿ ಬದಲಾಯ್ತು, ನಿಮಗೆ ಕೊಟ್ಟಿದ್ದು 110, ತಕ್ಷಣ ಮೇಲೆ ಹೋಗಿ ಅಂತ. ಅದೇ ಹೊತ್ತಿಗೆ ಟಿಕ್ಯಾಸ್, ಅಂದ್ರೆ ಹತ್ರ ಬೇರೆ ವಿಮಾನ ಇದ್ರೆ ಎಚ್ಚರಿಸೋ ಉಪಕರಣ, "ಟ್ರಾಫಿಕ್, ಟ್ರಾಫಿಕ್" ಅಂತು, ಇನ್ನೊಂದು ವಿಮಾನ ಕೆಳಗೆ ಲೆವೆಲ್ 100ರಲ್ಲಿ, ಅಂದ್ರೆ 10,000 ಅಡಿಯಲ್ಲಿ, ನೇರ ಹೋಗ್ತಿತ್ತು. ನಮ್ಮಿಬ್ಬರ ನಡುವೆ 1,000 ಅಡಿ ಇರಬೇಕಾಗಿತ್ತು, ಇದ್ದಿದ್ದು 600. ಆಟೋಪೈಲಟ್‌ದು ಏನೂ ತಪ್ಪಿಲ್ಲ ಪಾಪ, ಹೇಳಿದ ನಂಬರಿಗೆ ನಿಯತ್ತಾಗಿ ಹೋಗ್ತಿತ್ತು.

ಈಗ ನಿಮ್ಮ ಮಲ್ಟಿಟಾಸ್ಕಿಂಗ್ ವಿಷಯ. ದಯವಿಟ್ಟು ಆ ಆಸೆ ಬಿಟ್ಟುಬಿಡಿ. ಒಂದೇ ಸಲ ಎರಡು ರೇಡಿಯೋ ಅರ್ಥ ಮಾಡ್ಕೊಳ್ಳೋ ತಲೆ ಯಾರಿಗೂ ಇಲ್ಲ, ಅನುಭವದಿಂದಲೂ ಬರಲ್ಲ. 1972ರ ಡಿಸೆಂಬರ್‌ನಲ್ಲಿ ಮಯಾಮಿ ಹತ್ರ ಈಸ್ಟರ್ನ್ ಏರ್‌ಲೈನ್ಸ್‌ನ ಫ್ಲೈಟ್ 401 ಬಿತ್ತಲ್ಲ, ಆ ಕ್ಯಾಪ್ಟನ್‌ಗೆ ಸುಮಾರು 30,000 ಗಂಟೆ ಅನುಭವ. ನೋಸ್ ಗೇರ್ (ಮುಂದಿನ ಚಕ್ರ) ಲೈಟಿನ ಬಲ್ಬ್ ಹತ್ತಲಿಲ್ಲ ಅಂತ ಕಾಕ್‌ಪಿಟ್‌ನವರೆಲ್ಲ ಅದರ ಹಿಂದೆ ಬಿದ್ರು, 2,000 ಅಡಿಯಲ್ಲಿ ಹಿಡಿದಿದ್ದ ಆಟೋಪೈಲಟ್ ಬಿಟ್ಟುಹೋಗಿ ವಿಮಾನ ಮೆಲ್ಲಗೆ ಇಳೀತಾ ಇತ್ತು, ಎತ್ತರ ತಪ್ಪಿದೆ ಅಂತ ಅಲರ್ಟ್ ಸೌಂಡೂ ಬಂತು, ಯಾರೂ ಗಮನಿಸ್ಲಿಲ್ಲ. ಅವರಿಗೆ ಮಲ್ಟಿಟಾಸ್ಕಿಂಗ್ ಬರ್ತಿರ್ಲಿಲ್ಲ ಅಂತೀರಾ?

ಸ್ಟೆರೈಲ್ ಕಾಕ್‌ಪಿಟ್ ರೂಲ್ ಇದೆಯಲ್ಲ ಅಂತ ಯಾರಾದ್ರೂ ಹೇಳ್ತಾರೆ. 1974ರಲ್ಲಿ ಶಾರ್ಲಟ್‌ನಲ್ಲಿ ಲ್ಯಾಂಡಿಂಗ್‌ಗೆ ಬರ್ತಾ ರಾಜಕೀಯ, ಹಳೇ ಕಾರು ಅಂತ ಹರಟ್ತಿದ್ದ ಪೈಲಟ್‌ಗಳ ವಿಮಾನ ಬಿದ್ದಿದ್ದೂ ಸೇರಿ, ಅಂಥ ಅಪಘಾತಗಳಾದ ಮೇಲೆ ಅಮೆರಿಕ 1981ರಲ್ಲಿ ತಂದಿದ್ದು, 10,000 ಅಡಿ ಕೆಳಗೆ ಬೇಡದ ಮಾತು, ಬೇಡದ ಕೆಲಸ ಬಂದ್. ಒಳ್ಳೇ ರೂಲ್. ಆದ್ರೆ ನನ್ನ ಕಥೆ ಪೂರ್ತಿ ನಡೆದಿದ್ದು 10,000ದ ಮೇಲೆ! ಅದಕ್ಕೆ ನಂಗೆ ಆ ಗೆರೆ ಮೇಲೆ ನಂಬಿಕೆ ಇಲ್ಲ, ನಾನು ಇಳಿಯೋಕೆ ಶುರುವಾದಾಗಲೇ ಬಾಗಿಲು ಹಾಕ್ಕೊಂಡ ಹಾಗೆ ಇರ್ತೀನಿ. ಗ್ರೌಂಡ್‌ಗೆ ಹೇಳೋದು ಏನಿದ್ರೂ ಕ್ರೂಸಲ್ಲೇ, ಅಂದ್ರೆ ಇಳಿಯೋಕೆ ಶುರುವಾಗೋ ಮೊದಲೇ, ಮುಗಿಸಿ ಅಂತ ಕ್ಯಾಬಿನ್‌ಗೆ ಬ್ರೀಫಿಂಗಲ್ಲೇ ಹೇಳಿಬಿಡ್ತೀನಿ. ಕೆಲವರು ಗೊಣಗ್ತಾರೆ, ಗೊಣಗ್ಲಿ.

ಬಿಟ್ಟು ಹೋಗಲೇಬೇಕಾಗಿ ಬಂತು, ವಾಪಸ್ ಬರೋಷ್ಟರಲ್ಲಿ ನಂಬರ್ ಬದಲಾಗಿದೆ, ಆಗ ಎಟಿಸಿನೇ ಕೇಳಿ. ಪ್ರತಿ ಸಲ. ಹೆಡಿಂಗೂ ಲೆವೆಲ್ಲೂ ಒಟ್ಟಿಗೆ ಬಂದಿದ್ರೆ ಇನ್ನೂ ಜಾಸ್ತಿ ಅನುಮಾನಪಡಿ. 100 ಮತ್ತು 110 ಗೊಂದಲ ಎಷ್ಟು ಹಳೇದು ಅಂದ್ರೆ ಬ್ರಿಟನ್‌ನಲ್ಲಿ ಲೆವೆಲ್ 100ನ "ಒನ್ ಝೀರೋ ಝೀರೋ" ಅನ್ನಲ್ಲ, "ಒನ್ ಹಂಡ್ರೆಡ್" ಅಂತಾರೆ. ಕ್ಯಾಪ್ಟನ್‌ಗೆ ಬೇಜಾರಾಗತ್ತಾ ಅಂತ ಯೋಚಿಸ್ಬೇಡಿ. ನಮ್ಮ ಕ್ಯಾಪ್ಟನ್ ಆವತ್ತು ಸಂಜೆ ರಿಪೋರ್ಟ್ ಬರೆಯುವಾಗ ಅಂದಿದ್ದು ಒಂದೇ ಮಾತು, "ನೀನು ಕೇಳಬಹುದಿತ್ತು ಕಣಯ್ಯ."

ಅಂದಹಾಗೆ, ಇಳಿದ ಮೇಲೆ ನೋಡಿದ್ರೆ ಏರೋಬ್ರಿಡ್ಜ್ ಬಾಗಿಲಲ್ಲಿ ನಾಲ್ಕು ವೀಲ್‌ಚೇರ್ ನಿಂತಿದ್ವು.