ಅಮೆರಿಕದಿಂದ ತಂದ ಐಫೋನ್‌ನಲ್ಲಿ ನಮ್ಮ ಸಿಮ್ ನಡೆಯುತ್ತಿಲ್ಲ. ಅನ್‌ಲಾಕ್ ಮಾಡಿಸುವುದು ಹೇಗೆ?

ನಿಮ್ಮ ಅಣ್ಣ ಅಮೆರಿಕದಲ್ಲಿ ಎಟಿ ಅಂಡ್ ಟಿ ಎಂಬ ಮೊಬೈಲ್ ಕಂಪನಿಯಿಂದ ಕೊಂಡ ಐಫೋನ್ 13 ನಿಮಗೆ ಕೊಟ್ಟು ಹೋಗಿದ್ದಾರೆ. ಏರ್‌ಟೆಲ್ ಸಿಮ್ ಹಾಕಿದರೆ ‘ಸಿಮ್ ನಾಟ್ ಸಪೋರ್ಟೆಡ್’ ಎಂದು ಬರುತ್ತದೆ, ಅಂಗಡಿಯವರು 3,500 ರೂಪಾಯಿ ಕೇಳುತ್ತಿದ್ದಾರೆ, ಕೊಡಲೇ ಎಂದು ಕೇಳಿದ್ದೀರಿ. ಕೊಡಬೇಡಿ. ಬೇರೆ ಕಂಪನಿಯ ಸಿಮ್ ನಡೆಯದಂತೆ ಫೋನಿಗೆ ಬೀಗ ಹಾಕಿದ ಕಂಪನಿಯೇ ಅದನ್ನು ತೆಗೆಯಬೇಕು, ಅದಕ್ಕೆ ಅವರು ದುಡ್ಡೂ ಕೇಳುವುದಿಲ್ಲ.

ಮೊದಲು ಖಚಿತ ಮಾಡಿಕೊಳ್ಳಿ. ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ ಕೆಳಗೆ ಸರಿಸಿದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲು ಕಾಣುತ್ತದೆ. ಅಲ್ಲಿ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಫೋನ್ ಲಾಕ್ ಆಗಿಲ್ಲ, ತೊಂದರೆ ಸಿಮ್‌ನದ್ದು. ‘ಸಿಮ್ ಲಾಕ್ಡ್’ ಎಂದಿದ್ದರೆ ಮುಂದೆ ಓದಿ. ಆಪಲ್ ಐಡಿ ಕೇಳುವ ಆಕ್ಟಿವೇಶನ್ ಲಾಕ್ ಬೇರೆಯೇ ವಿಷಯ. ಅದನ್ನು ಅಣ್ಣನೇ ತನ್ನ ಪಾಸ್‌ವರ್ಡ್ ಹಾಕಿ, ‘ಫೈಂಡ್ ಮೈ’ ಆಫ್ ಮಾಡಿ ತೆಗೆಯಬೇಕು. ಎರಡನ್ನೂ ಒಂದೇ ಎಂದುಕೊಂಡು ಅಲೆದಾಡುವವರೇ ಹೆಚ್ಚು.

ಸಿಮ್ ಲಾಕ್ ನಡೆಯುವ ಬಗೆ ಇಷ್ಟು. ಸಿಮ್ ಒಳಗಿರುವ ಸಂಖ್ಯೆಯ ಮೊದಲ ಅಂಕಿಗಳು ದೇಶವನ್ನೂ ನೆಟ್‌ವರ್ಕನ್ನೂ ಹೇಳುತ್ತವೆ. ಭಾರತದ ಸಿಮ್‌ಗಳು 404 ಅಥವಾ 405ರಿಂದ ಶುರುವಾಗುತ್ತವೆ. ಎಟಿ ಅಂಡ್ ಟಿಯದ್ದು 310 410. ಫೋನ್ ಇದನ್ನು ತನಗೆ ಅನುಮತಿ ಇರುವ ಪಟ್ಟಿಯ ಜತೆ ತಾಳೆ ನೋಡಿ, ಹೊಂದದಿದ್ದರೆ ಸಿಮ್ ಬೇಡ ಎನ್ನುತ್ತದೆ. ಐಫೋನ್‌ನ ವಿಷಯದಲ್ಲಿ ಈ ಅನುಮತಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಲೆಕ್ಕದಲ್ಲಿ ಆಪಲ್‌ನ ಸರ್ವರ್‌ನಲ್ಲಿ ದಾಖಲಾಗಿರುತ್ತದೆ. ಹಾಗಾಗಿ ಫೋನನ್ನು ನೂರು ಸಲ ರೀಸೆಟ್ ಮಾಡಿದರೂ ಉತ್ತರ ಬದಲಾಗುವುದಿಲ್ಲ. ಐಫೋನ್‌ಗೆ ಅನ್‌ಲಾಕ್ ಕೋಡ್ ಎಂಬುದೇ ಇಲ್ಲ. ಕೋಡ್ ಕೊಡುತ್ತೇನೆ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಎಟಿ ಅಂಡ್ ಟಿಯ ಷರತ್ತುಗಳು: ಫೋನಿನ ಕಂತು ಪೂರ್ತಿ ತೀರಿರಬೇಕು, ಅವರ ನೆಟ್‌ವರ್ಕ್‌ನಲ್ಲಿ ಕನಿಷ್ಠ 60 ದಿನ ಓಡಿರಬೇಕು (ಪ್ರೀಪೇಯ್ಡ್ ಆಗಿದ್ದರೆ 6 ತಿಂಗಳು), ಖಾತೆಯಲ್ಲಿ ಬಾಕಿ ಇರಬಾರದು, ಕಳವಾಗಿದೆ ಎಂದು ದೂರು ಇರಬಾರದು. ಹೆಚ್ಚಿನವರು ಮುಗ್ಗರಿಸುವುದು ಮೊದಲನೆಯದರಲ್ಲೇ. ಅಲ್ಲಿ ಫೋನನ್ನು 36 ತಿಂಗಳ ಕಂತಿಗೆ ಕೊಳ್ಳುವುದು ಮಾಮೂಲು. ಫೋನ್ ಇಲ್ಲಿಗೆ ಬಂದರೂ ಕಂತು ಅಲ್ಲಿ ಓಡುತ್ತಲೇ ಇರುತ್ತದೆ. ಉಳಿದದ್ದನ್ನು ಒಟ್ಟಿಗೆ ಕಟ್ಟಿ ಮುಗಿಸಬಹುದು, ಆದರೆ ತಿಂಗಳ ಬಿಲ್‌ನಲ್ಲಿ ಬರುತ್ತಿದ್ದ ರಿಯಾಯಿತಿ ಅದರಿಂದ ನಿಂತುಹೋಗಬಹುದು. ಕಟ್ಟುವ ಮುನ್ನ ಅಣ್ಣ ಅದನ್ನು ಕೇಳಿಕೊಳ್ಳಲಿ.

ಎಲ್ಲ ಸರಿಯಿದ್ದರೆ *#06# ಒತ್ತಿ. ಬರುವ ಎರಡು ಐಎಂಇಐಗಳಲ್ಲಿ ಮೊದಲನೆಯದರ 15 ಅಂಕಿಗಳನ್ನು ಅಣ್ಣನಿಗೆ ಕಳಿಸಿ. ಬರೆದು ಹೇಳುವುದಕ್ಕಿಂತ ಸ್ಕ್ರೀನ್‌ಶಾಟ್ ಮೇಲು, ಒಂದಂಕಿ ತಪ್ಪಿದರೂ ಅರ್ಜಿ ತಿರಸ್ಕಾರ. ಎಟಿ ಅಂಡ್ ಟಿ ಜಾಲತಾಣದ ಡಿವೈಸ್ ಅನ್‌ಲಾಕ್ ಪುಟದಲ್ಲಿ ಅರ್ಜಿಯನ್ನು ಅಣ್ಣನೇ ತುಂಬಲಿ, ಖಾತೆಯ ವಿವರ ಅವರದ್ದು. ಅರ್ಜಿ ಹಾಕಿದ ಮೇಲೆ ಒಂದು ಇಮೇಲ್ ಬರುತ್ತದೆ. ಅದರಲ್ಲಿರುವ ಲಿಂಕನ್ನು 24 ಗಂಟೆಯೊಳಗೆ ಒತ್ತದಿದ್ದರೆ ಅರ್ಜಿ ರದ್ದು. ಈ ಮೇಲ್ ಎಷ್ಟೋ ಸಲ ಸ್ಪ್ಯಾಮ್‌ಗೆ ಬೀಳುತ್ತದೆ, ಅಲ್ಲೂ ಹುಡುಕಲು ಹೇಳಿ. ಉತ್ತರ ಸಾಮಾನ್ಯವಾಗಿ ಎರಡು ಕೆಲಸದ ದಿನಗಳಲ್ಲಿ ಬರುತ್ತದೆ.

ಒಪ್ಪಿಗೆ ಬಂದ ಮೇಲೆ ಫೋನ್ ಆಫ್ ಮಾಡಿ, ಏರ್‌ಟೆಲ್ ಸಿಮ್ ಹಾಕಿ, ಆನ್ ಮಾಡಿ ವೈಫೈಗೆ ಸೇರಿಸಿ. ಬಹುಮಟ್ಟಿಗೆ ಅಷ್ಟಕ್ಕೇ ಸಾಕು. ಅಬೌಟ್ ಪುಟದಲ್ಲಿ ಇನ್ನೂ ‘ಸಿಮ್ ಲಾಕ್ಡ್’ ಎಂದೇ ಇದ್ದರೆ ಬ್ಯಾಕಪ್ ತೆಗೆದು ಫೋನನ್ನು ಪೂರ್ತಿ ಅಳಿಸಿ, ಹೊಸದಾಗಿ ಸೆಟಪ್ ಮಾಡಿ. ಆಗ ಅದು ಆಪಲ್‌ನ ಸರ್ವರನ್ನು ಮತ್ತೆ ಕೇಳುತ್ತದೆ. ರೀಸೆಟ್‌ನಿಂದ ಉಪಯೋಗವಾಗುವುದು ಈ ಹಂತದಲ್ಲಿ ಮಾತ್ರ, ಅದಕ್ಕೆ ಮೊದಲು ಅಲ್ಲ.

ಇನ್ನು 3,500 ರೂಪಾಯಿಯ ವಿಷಯ. ಆ ದುಡ್ಡಿಗೆ ಸಾಮಾನ್ಯವಾಗಿ ಸಿಗುವುದು ಆರ್-ಸಿಮ್. ಸಿಮ್‌ಗೆ ಅಂಟಿಸಿ ಟ್ರೇನಲ್ಲಿ ಕೂರಿಸುವ ಕಾಗದದಷ್ಟು ತೆಳುವಾದ ಚಿಪ್ ಅದು. ನಿಮ್ಮ ಸಿಮ್ ಅಮೆರಿಕದ್ದೇ ಎಂದು ಫೋನನ್ನು ನಂಬಿಸುತ್ತದೆ. ಅಂಗಡಿಯಲ್ಲಿ ಟವರ್ ಬರುತ್ತದೆ, ಮುಂದಿನ ಐಒಎಸ್ ಅಪ್‌ಡೇಟ್‌ಗೆ ಹೋಗುತ್ತದೆ. ಟ್ರೇ ಸಿಕ್ಕಿಹಾಕಿಕೊಳ್ಳುವ ಕಾಟ ಬೇರೆ. ಯಾರಾದರೂ ‘ಅನ್‌ಲಾಕ್ಡ್’ ಎಂದು ಹಳೆ ಫೋನ್ ಮಾರಿದರೆ ಟ್ರೇ ಹೊರತೆಗೆದು ಸಿಮ್ ಜತೆ ಇನ್ನೊಂದು ಪದರ ಇದೆಯೇ ನೋಡಿಯೇ ಕೊಳ್ಳಿ. ಆನ್‌ಲೈನ್‌ನಲ್ಲಿ ಐಎಂಇಐ ಪಡೆದು ಅನ್‌ಲಾಕ್ ಮಾಡುವವರಿಗೂ ಇತಿಹಾಸವಿದೆ: ಎಟಿ ಅಂಡ್ ಟಿ ನೌಕರರಿಗೆ ಲಂಚ ಕೊಟ್ಟು ಸುಮಾರು 19 ಲಕ್ಷ ಫೋನ್ ಬಿಡಿಸಿದ ಜಾಲದ ಮುಖ್ಯಸ್ಥನಿಗೆ 2021ರಲ್ಲಿ ಅಮೆರಿಕದ ನ್ಯಾಯಾಲಯ 12 ವರ್ಷ ಜೈಲು ವಿಧಿಸಿತು. ಐಎಂಇಐಯನ್ನೇ ಬದಲಿಸಿ ಕೊಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬನ್ನಿ, ಅದು ಭಾರತದಲ್ಲಿ ಅಪರಾಧ.

ಇದೇ ಪ್ರಶ್ನೆ ಇಟ್ಟುಕೊಂಡು ಬೇರೆ ಫೋನ್ ಹಿಡಿದು ಬರುವವರಿಗೆ ಎರಡು ಮಾತು. ಅಮೆರಿಕದ ಇನ್ನೊಂದು ಕಂಪನಿ ಟಿ-ಮೊಬೈಲ್‌ನ ಪೋಸ್ಟ್‌ಪೇಯ್ಡ್ ಫೋನ್‌ಗೆ 40 ದಿನದ ಬಳಕೆ ಮತ್ತು ಪೂರ್ತಿ ಹಣ ಸಂದಾಯ ಬೇಕು. ಅವರ ಸ್ಯಾಮ್‌ಸಂಗ್‌ಗಳಲ್ಲಿ ‘ನೆಟ್‌ವರ್ಕ್ ಅನ್‌ಲಾಕ್’ ಸೆಟ್ಟಿಂಗ್ಸ್‌ನಲ್ಲೇ ಇರುತ್ತದೆ. ‘ಪರ್ಮನೆಂಟ್’ ಆರಿಸಿ, ‘ಟೆಂಪರರಿ’ 30 ದಿನಕ್ಕಷ್ಟೇ. ಅನ್‌ಲಾಕ್‌ಗೆ ಪಿನ್ ಕೇಳುವ ಆಂಡ್ರಾಯ್ಡ್‌ಗಳಲ್ಲಿ ಊಹೆಯಿಂದ ಅಂಕಿ ಹಾಕಬೇಡಿ, ಕೆಲವೇ ತಪ್ಪು ಪ್ರಯತ್ನಗಳಾದ ಮೇಲೆ ಸರಿಯಾದ ಕೋಡನ್ನೂ ಫೋನ್ ಒಪ್ಪುವುದಿಲ್ಲ. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ನಂತರದವುಗಳಲ್ಲಿ ಸಿಮ್ ಟ್ರೇ ಇಲ್ಲವೇ ಇಲ್ಲ. ಅನ್‌ಲಾಕ್ ಆದ ಮೇಲೂ ಇಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಬೇಕು. ಅಬೌಟ್ ಪುಟದಲ್ಲಿರುವ ಇಸಿಮ್‌ಗೆ ಬೇಕಾದ 32 ಅಂಕಿಯ ಗುರುತಿನ ಸಂಖ್ಯೆ ಇಐಡಿಯನ್ನು ಬರೆದುಕೊಂಡೇ ಜಿಯೋ ಅಥವಾ ಏರ್‌ಟೆಲ್ ಅಂಗಡಿಗೆ ಹೋಗಿ.